ತಡವಾಗಿ ಕೊಟ್ಟ ಡೋಸ್‌ಗೆ ಯಾವ ಸಮಯ ಬರೆಯಬೇಕು?

ರಾತ್ರಿ 2ರ ಜೆಂಟಾಮೈಸಿನ್ ಇಂಜೆಕ್ಷನ್ 4ಕ್ಕೆ ಕೊಟ್ಟಿದ್ದೀರಿ, ಇನ್‌ಚಾರ್ಜ್ ಸಿಸ್ಟರ್ '2 ಅಂತಲೇ ಬರೀರಿ' ಅಂದಿದ್ದಾರೆ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಬರೆಯಬೇಡಿ. ಬೆಳಗಿನ ಶಿಫ್ಟ್‌ನವರು ಅದನ್ನೇ ನಂಬಿ ಮುಂದಿನ ಡೋಸ್ ಬೇಗ ಕೊಟ್ಟುಬಿಡುತ್ತಾರೆ; ಈ ಔಷಧಿಯಲ್ಲಿ ಅಂತರ ಕಡಿಮೆಯಾದರೆ ಕಿಡ್ನಿಗೆ ಪೆಟ್ಟು. ಅದೇ ನನಗೆ ದೊಡ್ಡ ಭಯ.

ಚಾರ್ಟ್‌ನಲ್ಲಿ 4 ಅಂತಲೇ ಇರಲಿ. ತಡವಾದ ಕಾರಣ, ಡ್ಯೂಟಿ ಡಾಕ್ಟರಿಗೆ ತಿಳಿಸಿದ ಸಮಯ, ಮುಂದಿನ ಡೋಸ್ ಬಗ್ಗೆ ಅವರು ಹೇಳಿದ್ದು, ಎಲ್ಲವನ್ನೂ ನರ್ಸಸ್ ನೋಟ್ಸ್‌ಗೆ ಸೇರಿಸಿ. ಈಗಾಗಲೇ 2 ಬರೆದಿದ್ದರೆ ವೈಟ್ನರ್ ಹಚ್ಚಬೇಡಿ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಸಮಯ, ತಿದ್ದಿದ ದಿನಾಂಕ, ಗಂಟೆ, ಸಹಿ ಹಾಕಿ. ರೋಗಿ ಕಡೆಯವರು ದಾಖಲೆ ಕೇಳಿದರೆ 2002ರ ವೈದ್ಯಕೀಯ ನೀತಿ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಆಗ ಪ್ರಶ್ನೆ ಬರುವುದು ಬಾಯಲ್ಲಿ ಹೇಳಿದವರಿಗಲ್ಲ, ಸಹಿ ಹಾಕಿದ ನಿಮಗೆ.