ಕೋವಿ ಇಲ್ಲದಿದ್ದರೂ ಅದು ಬೇಟೆಯೇ

ಪಾವಗಡ ತಾಲೂಕಿನ ಓದುಗರೊಬ್ಬರ ಪತ್ರ: ‘ಕೌಜುಗ (ಹುಲ್ಲು, ಕುರುಚಲಿನ ನೆಲದಲ್ಲಿ ಓಡಾಡುವ ಕಾಡುಹಕ್ಕಿ) ಹಿಡಿದ ಹುಡುಗರನ್ನು ಬೇಟೆಗಾರರು ಅಂತ ಬರೆದಿದ್ದೀರಿ. ಅವರ ಹತ್ತಿರ ಕೋವಿ ಇರಲಿಲ್ಲ, ಕಾಡಿಗೂ ಹೋಗಿರಲಿಲ್ಲ. ಹೊಲದ ಬದುವಿನಲ್ಲಿ ದೀವದ ಹಕ್ಕಿ (ಬೇರೆ ಹಕ್ಕಿಗಳನ್ನು ಸೆಳೆಯಲು ಪಂಜರದಲ್ಲಿಡುವ ಹಕ್ಕಿ) ಇಟ್ಟು ಉರುಲು ಹಾಕಿದ್ದರು. ಎರಡು ಹಿಡಿದರೆ ಏನು ಕಮ್ಮಿಯಾಗುತ್ತದೆ? ಹೋಟೆಲಿನಲ್ಲಿ ಕ್ವೇಲ್ ಫ್ರೈ ಮಾರುವುದಿಲ್ಲವೇ?’

ಊರಿನ ಹುಡುಗರ ಪರ ನಿಂತು, ಹೆಸರು ಹಾಕಿ ಬರೆದಿದ್ದೀರಿ. ಅದು ನನಗೆ ಹಿಡಿಸಿತು. ಹೊಟ್ಟೆಪಾಡಿಗೆ ಹಿಡಿಯುವವನೂ ಜೀಪಿನಲ್ಲಿ ಬಂದು ಮೋಜಿಗೆ ಹೊಡೆಯುವವನೂ ಒಂದೇ ಅಲ್ಲ, ಒಪ್ಪಿದೆ. ಮಿಕ್ಕಿದ್ದನ್ನು ಒಪ್ಪಲಾರೆ.

1972ರ ವನ್ಯಜೀವಿ ಕಾಯ್ದೆ ಕೋವಿ ಒಂದನ್ನೇ ನೋಡುವುದಿಲ್ಲ. ಉರುಲು, ಬಲೆ, ಬೆನ್ನಟ್ಟುವುದು ಎಲ್ಲವೂ ಬೇಟೆ. ಕಾಡುಹಕ್ಕಿಯ ಮೊಟ್ಟೆ ಒಡೆದರೂ, ಗೂಡು ಕೆಡಿಸಿದರೂ ಬೇಟೆ. ಸ್ವಂತ ಹೊಲದಲ್ಲಿ ಮಾಡಿದರೂ ಅಷ್ಟೇ. ಹಿಂದೆ ಸಣ್ಣ ಹಕ್ಕಿಗಳ ಬೇಟೆಗೆ ಲೈಸೆನ್ಸ್ ಸಿಗುತ್ತಿತ್ತು. 1991ರ ತಿದ್ದುಪಡಿಯಲ್ಲಿ ಅದೂ ನಿಂತಿತು. ಹೋಟೆಲಿನ ಕ್ವೇಲ್ ಫಾರಂನಲ್ಲಿ ಸಾಕಿದ ಜಪಾನಿ ತಳಿ. ಅದನ್ನು ತೋರಿಸಿ ಕೌಜುಗ ಹಿಡಿಯುವಂತಿಲ್ಲ.

‘ಎರಡೇ’ ಅಂದಿರಿ. ಯಾವ ಎರಡು ಅಂತ ಯೋಚಿಸಿದ್ದೀರಾ? ದೀವದ ಗಂಡು ಪಂಜರದೊಳಗಿಂದ ಕೂಗುತ್ತದೆ. ತನ್ನ ಜಾಗಕ್ಕೆ ಬೇರೆ ಗಂಡು ಬಂತೆಂದು ಅಲ್ಲಿಯ ಹಕ್ಕಿ ಜಗಳಕ್ಕೆ ಓಡಿ ಬರುತ್ತದೆ. ಉರುಲಿಗೆ ಬೀಳುವುದು ಅದೇ, ಆ ಪೊದೆಯಲ್ಲಿ ಸಂಸಾರ ಹೂಡಿದ ಗಂಡು. ಎಷ್ಟೋ ಸಲ ಹಿಂದೆಯೇ ಹೆಣ್ಣೂ ಬರುತ್ತದೆ. ಮರಿ ಜಾಸ್ತಿ, ಹಾಗಾಗಿ ನಷ್ಟವಿಲ್ಲ ಅನ್ನುವವರಿದ್ದಾರೆ. ಕೌಜುಗ ಗೂಡು ಮಾಡುವುದು ನೆಲದ ಮೇಲೆ, ಮುಳ್ಳುಪೊದೆಯ ಬುಡದಲ್ಲಿ. ಆರೆಂಟು ಮೊಟ್ಟೆ ಇಟ್ಟರೂ ಮುಂಗುಸಿ, ಹಾವು, ಬೀದಿನಾಯಿ ಬಿಡಬೇಕಲ್ವಾ? ಬೆಳೆ ತಿನ್ನುತ್ತದೆ ಅನ್ನುವ ದೂರೂ ಉಂಟು. ಉದುರಿದ ಕಾಳು ತಿನ್ನುತ್ತದೆ, ನಿಜ. ಗೆದ್ದಲು, ಹುಳು ತಿನ್ನುವುದನ್ನು ಯಾಕೆ ಯಾರೂ ಹೇಳುವುದಿಲ್ಲ?

ಆದರೆ ಇಷ್ಟಕ್ಕೆ ಹುಡುಗರ ಮೇಲೆ ಮಾತ್ರ ಸಿಟ್ಟು ಮಾಡಿದರೆ ಅದೂ ಅನ್ಯಾಯ. ಅವರ ಉರುಲಿಗಿಂತ ದೊಡ್ಡ ಉರುಲು ಕೌಜುಗ ಬದುಕುವ ಗೋಮಾಳದ ಮೇಲೆ ಬಿದ್ದಿದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹುಲ್ಲುಗಾವಲಿಗೆ ನೀಲಗಿರಿ ನೆಟ್ಟೆವು. ಬಂಡೆಗುಡ್ಡಗಳನ್ನು ಕ್ರಷರ್‌ಗೆ ಕೊಟ್ಟೆವು. ಉಳಿದ ಕುರುಚಲಿಗೆ ಬೇಸಿಗೆಯಲ್ಲಿ ಬೆಂಕಿ ಇಡುತ್ತೇವೆ, ಹೊಸ ಹುಲ್ಲು ಬರಲಿ ಅಂತ. ಮರ ಇಲ್ಲದ ನೆಲ ದಂಡ ಅನ್ನುವ ಈ ಯೋಚನೆ ನನ್ನನ್ನು ತುಂಬಾ ನೋಯಿಸುತ್ತದೆ. ಮಧುಗಿರಿ ತಾಲೂಕಿನ ಮೈದನಹಳ್ಳಿಗೆ ಹೋಗಿ ನೋಡಿ. ಕೃಷ್ಣಮೃಗಗಳಿಗಾಗಿ ಉಳಿಸಿಕೊಂಡ 798 ಎಕರೆ ಹುಲ್ಲುಗಾವಲು ಅಲ್ಲಿದೆ. ಆ ಹುಲ್ಲು ಎಷ್ಟು ಜೀವಗಳನ್ನು ಸಾಕುತ್ತದೆ ಅಂತ ಕಣ್ಣಾರೆ ಕಾಣುತ್ತದೆ.

ಇಷ್ಟು ಕಾಳಜಿಯಿಂದ ಬರೆದ ನಿಮ್ಮಿಂದ ಒಂದು ಕೆಲಸ ಆಗಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಗಿಡ-ಹಕ್ಕಿಗಳ ದಾಖಲೆ ಪುಸ್ತಕ ಇರಬೇಕು. ಆ ಹುಡುಗರನ್ನೇ ಕರೆದುಕೊಂಡು ಹೋಗಿ ಪುಸ್ತಕ ಕೇಳಿ. ಕೌಜುಗ ಯಾವ ಪೊದೆಯಲ್ಲಿದೆ ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಪುಸ್ತಕದಲ್ಲಿ ಏನಿತ್ತು, ಏನಿರಲಿಲ್ಲ ಅಂತ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

- ಸಂಪಾದಕ