ಕಾಲೇಜು ಫುಟ್ಬಾಲ್ ಆಡಿದವರು ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟ) ಹೆವಿವೇಟ್‌ನಲ್ಲಿ ನಿಜವಾಗಿಯೂ ಗೆದ್ದಿದ್ದಾರಾ?

ಗೆದ್ದಿದ್ದಾರೆ. ನನಗೆ ಮೊದಲು ನೆನಪಾಗುವುದು ಮ್ಯಾಟ್ ಮಿಟ್ರಿಯೋನ್. ಇಲ್ಲಿ ಫುಟ್ಬಾಲ್ ಅಂದರೆ ಅಮೆರಿಕದ್ದು, ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ. ಪರ್ಡ್ಯೂ ವಿಶ್ವವಿದ್ಯಾಲಯದ ತಂಡದಲ್ಲಿ ಆತ ಡಿಫೆನ್ಸಿವ್ ಟ್ಯಾಕಲ್, ಅಂದರೆ ಎದುರಾಳಿ ಸಾಲನ್ನು ಗುದ್ದಿ ಒಡೆಯುವ ದಪ್ಪ ಆಳು. ಆಮೇಲೆ ಅಮೆರಿಕದ ವೃತ್ತಿಪರ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್‌ನ ನ್ಯೂಯಾರ್ಕ್ ಜೈಂಟ್ಸ್‌ನಲ್ಲೂ ಸ್ವಲ್ಪ ಕಾಲ ಇದ್ದರು.

2009ರಲ್ಲಿ ಎಂಎಂಎ ಪಂದ್ಯ ನಡೆಸುವ ಯುಎಫ್‌ಸಿ ಸಂಸ್ಥೆಯ ರಿಯಾಲಿಟಿ ಶೋಗೆ ಬಂದಾಗ ಒಂದೂ ವೃತ್ತಿಪರ ಎಂಎಂಎ ಪಂದ್ಯ ಆಡಿರಲಿಲ್ಲ, ವಯಸ್ಸು ಆಗಲೇ ಮೂವತ್ತು ದಾಟಿತ್ತು! ಆದರೂ ಆ ವರ್ಷ ಡಿಸೆಂಬರ್‌ನ ಮೊದಲ ಪಂದ್ಯದಲ್ಲೇ ಇನ್ನೊಬ್ಬ ಮಾಜಿ ಫುಟ್ಬಾಲ್ ಆಟಗಾರ ಮಾರ್ಕಸ್ ಜೋನ್ಸ್‌ರನ್ನು ನಾಕೌಟ್ ಮಾಡಿದರು. 2010ರಲ್ಲಿ ಕಿಂಬೋ ಸ್ಲೈಸ್, 2014ರಲ್ಲಿ ಡೆರಿಕ್ ಲೂಯಿಸ್ (ಬರೀ 41 ಸೆಕೆಂಡಿನಲ್ಲಿ!) ಸೋತರು.

ಫುಟ್ಬಾಲ್‌ನಿಂದ ಬಂದದ್ದೇನು ಅಂದರೆ ಕಾಲಿನ ವೇಗ, ಆ ಗಾತ್ರದ ಆಳು ಅಷ್ಟು ಹಗುರವಾಗಿ ಹೆಜ್ಜೆ ಹಾಕುವುದು ಅಪರೂಪ, ಜೊತೆಗೆ ಎಡಗೈ ಹೊಡೆತ ಬೇರೆ. ಬರದೇ ಇದ್ದದ್ದು ಚಿಕ್ಕಂದಿನಿಂದ ಕಲಿತ ಕುಸ್ತಿ. 2018ರಲ್ಲಿ ಬೆಲೇಟರ್ ಎಂಬ ಇನ್ನೊಂದು ಎಂಎಂಎ ಸಂಸ್ಥೆಯ ಗ್ರ್ಯಾಂಡ್ ಪ್ರಿ ಟೂರ್ನಿಯ ಸೆಮಿಫೈನಲ್‌ನಲ್ಲಿ ರಯಾನ್ ಬೇಡರ್ ಮಿಟ್ರಿಯೋನ್‌ರನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿಯೇ ಗೆದ್ದರು.

ಒಂದೇ ಪಂದ್ಯ ನೋಡುವುದಾದರೆ 2017ರ ಜೂನ್‌ನಲ್ಲಿ ರಷ್ಯಾದ ದಿಗ್ಗಜ ಫೆಡರ್ ಎಮೆಲ್ಯಾನೆಂಕೊ ಜೊತೆಗಿನ ಪಂದ್ಯ ನೋಡಿ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇಬ್ಬರೂ ಒಟ್ಟಿಗೆ ಗುದ್ದಿದರು, ಇಬ್ಬರೂ ಒಟ್ಟಿಗೆ ಬಿದ್ದರು! ಮೊದಲು ಎದ್ದವರು ಮಿಟ್ರಿಯೋನ್. 1 ನಿಮಿಷ 14 ಸೆಕೆಂಡಿಗೆ ಅವರ ಗೆಲುವಿನೊಂದಿಗೆ ಪಂದ್ಯ ಮುಗಿಯಿತು. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ ಅನ್ನುತ್ತದೆ.