ಚೆಂಡೆ ಮುಂದೆ, ಹೆಜ್ಜೆ ಹಿಂದೆ: ಹಳೆಯ ಲ್ಯಾಪ್‌ಟಾಪಿನಲ್ಲಿ ಬಯಲಾಟದ ವೀಡಿಯೊ

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಸಮೀಪದ ನಿವೃತ್ತ ಅಧ್ಯಾಪಕ. ನಮ್ಮ ಮನೆಯ ಹರಕೆಯ ಯಕ್ಷಗಾನ ಆಟವನ್ನು ಸೋದರಳಿಯ ತನ್ನ ಹೊಸ ಐಫೋನಿನಲ್ಲಿ ಚಿತ್ರೀಕರಿಸಿ, ಹಾರ್ಡ್ ಡಿಸ್ಕಿನಲ್ಲಿ ತುಂಬಿಸಿ ಕೊಟ್ಟಿದ್ದಾನೆ. ನನ್ನದು 4ನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 1366×768ರ ಪರದೆ ಇರುವ ವಿಂಡೋಸ್ 10 ಲ್ಯಾಪ್‌ಟಾಪ್. ಹಳೆಯ ಕ್ಯಾಮೆರಾದಲ್ಲಿ ತೆಗೆದ ಫುಲ್ ಎಚ್‌ಡಿ ಆಟಗಳು ಇದರಲ್ಲಿ ಚೆನ್ನಾಗಿಯೇ ಓಡುತ್ತವೆ. ಫೋನಿನವೂ ಫುಲ್ ಎಚ್‌ಡಿಯೇ, ಆದರೆ ಅವು ಮಾತ್ರ ವೇಷಧಾರಿ ಅರ್ಥ (ಮಾತು) ಹೇಳುವಾಗ ಸರಿಯಾಗಿದ್ದು, ದಿಗಿಣ (ಸುತ್ತುತ್ತ ನೆಗೆಯುವ ಕುಣಿತ) ಶುರುವಾದೊಡನೆ ತಡವರಿಸುತ್ತವೆ. ಚೆಂಡೆಯ ಪೆಟ್ಟು ಮೊದಲು ಕೇಳಿ, ವೇಷಧಾರಿಯ ಕಾಲು ಆಮೇಲೆ ಏಳುತ್ತದೆ. ರ್‍ಯಾಮ್ ಹೆಚ್ಚಿಸಬೇಕು, ಇಲ್ಲವಾದರೆ ಲ್ಯಾಪ್‌ಟಾಪನ್ನೇ ಬದಲಾಯಿಸಬೇಕು ಎಂದು ಅಂಗಡಿಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ಮಾಡಬೇಡಿ. ರೋಗದ ಅರ್ಧ ಲಕ್ಷಣವನ್ನು ನೀವೇ ಗುರುತಿಸಿ ಬರೆದಿದ್ದೀರಿ. ಎರಡು ಬಗೆಯ ಕಡತಗಳೂ ಫುಲ್ ಎಚ್‌ಡಿಯೇ ಆಗಿದ್ದು, ಒಂದು ಸರಾಗವಾಗಿ ಓಡಿ ಇನ್ನೊಂದು ಎಡವುತ್ತದೆ ಎಂದರೆ ತೊಂದರೆ ಇರುವುದು ಚಿತ್ರದ ಗಾತ್ರದಲ್ಲಲ್ಲ. ಆ ಚಿತ್ರವನ್ನು ಯಾವ ರೀತಿಯಲ್ಲಿ ಅದುಮಿ ಕಟ್ಟಿದ್ದಾರೆ ಎಂಬುದರಲ್ಲಿ, ಅಂದರೆ ಕೊಡೆಕ್‌ನಲ್ಲಿ.

ಹಳೆಯ ಕ್ಯಾಮೆರಾದ ಕಡತಗಳು ಬಹುತೇಕ ಎಚ್.264 ಎಂಬ, 2003ರಲ್ಲಿ ರೂಪುಗೊಂಡ ಕೊಡೆಕ್‌ನಲ್ಲಿರುತ್ತವೆ. ಐಫೋನುಗಳು 2017ರಿಂದೀಚೆಗೆ ಎಚ್.265 ಅಥವಾ ಎಚ್‌ಇವಿಸಿ ಎಂಬ, 2013ರ ಕೊಡೆಕ್ಕನ್ನು ಬಳಸತೊಡಗಿವೆ. ಅದೇ ಗುಣಮಟ್ಟದ ಚಿತ್ರವನ್ನು ಇದು ಸುಮಾರು ಅರ್ಧ ಜಾಗದಲ್ಲಿ ಹಿಡಿಸುತ್ತದೆ. ಆದರೆ ಕಟ್ಟು ಬಿಗಿಯಾದಷ್ಟೂ ಬಿಚ್ಚುವ ಶ್ರಮ ಹೆಚ್ಚು. ಈ ಶ್ರಮವನ್ನು ಪ್ರೊಸೆಸರಿನ ಮೇಲೆ ಹೊರಿಸದಿರಲೆಂದೇ ಗ್ರಾಫಿಕ್ಸ್ ಚಿಪ್ಪಿನೊಳಗೆ ಆಯಾ ಕೊಡೆಕ್‌ಗೆ ಮೀಸಲಾದ ಸರ್ಕ್ಯೂಟನ್ನು ಇಟ್ಟಿರುತ್ತಾರೆ. ನಿಮ್ಮ 4ನೇ ತಲೆಮಾರಿನ ಇಂಟೆಲ್ ಚಿಪ್ಪಿನಲ್ಲಿ ಎಚ್.264ಕ್ಕೆ ಅಂಥದ್ದು ಇದೆ. ಎಚ್‌ಇವಿಸಿಗೆ ಸಂಪೂರ್ಣ ಸರ್ಕ್ಯೂಟ್ ಬಂದದ್ದು 2015ರ 6ನೇ ತಲೆಮಾರಿನಲ್ಲಿ, ಅದೂ ಬಣ್ಣದ ಛಾಯೆಗಳು ಕಡಿಮೆ ಇರುವ 8 ಬಿಟ್‌ನ ಚಿತ್ರಕ್ಕೆ ಮಾತ್ರ. 10 ಬಿಟ್‌ನ ಚಿತ್ರಕ್ಕೆ 7ನೇ ತಲೆಮಾರಿನವರೆಗೆ ಕಾಯಬೇಕಾಯಿತು. ಹೀಗಾಗಿ ಅಳಿಯನ ಕಡತ ತೆರೆದಾಗ ಇಡೀ ಭಾರವನ್ನು ನಿಮ್ಮ ಐ3 ಒಂದೇ ಹೊರುತ್ತಿದೆ.

ದಿಗಿಣದಲ್ಲೇ ಏಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ವೀಡಿಯೊ ಕೊಡೆಕ್‌ಗಳು ಪ್ರತಿ ಫ್ರೇಮನ್ನೂ (ವೀಡಿಯೊದ ಬಿಡಿ ಚಿತ್ರ) ಪೂರ್ತಿಯಾಗಿ ಬರೆದಿಡುವುದಿಲ್ಲ. ಹಿಂದಿನ ಫ್ರೇಮಿಗೂ ಇದಕ್ಕೂ ಏನು ವ್ಯತ್ಯಾಸವೋ ಅದನ್ನಷ್ಟೇ ಹೆಚ್ಚಾಗಿ ಬರೆಯುತ್ತವೆ. ಅರ್ಥ ಹೇಳುವಾಗ ಹಿಂದಿನ ಪರದೆ, ಭಾಗವತರು, ರಂಗಸ್ಥಳದ ತೋರಣ ಎಲ್ಲವೂ ಇದ್ದಲ್ಲೇ ಇದ್ದು, ತುಟಿ, ಕೈ, ಕಿರೀಟದ ಅಲುಗಾಟವಷ್ಟೇ ಹೊಸದು. ತೆಂಕುತಿಟ್ಟು ಶೈಲಿಯ ಪುಂಡುವೇಷ (ಯುವವೀರನ ಪಾತ್ರ) ಸುತ್ತು ಹಾಕಿ ದಿಗಿಣ ಹೊಡೆಯುವಾಗಲೋ, ಬಣ್ಣದ ವೇಷದ (ರಾಕ್ಷಸ ಪಾತ್ರ) ಪ್ರವೇಶದಲ್ಲಿ ರಾಳದ ಬೆಂಕಿ ಭುಗ್ಗೆಂದಾಗಲೋ ಚಿತ್ರದ ದೊಡ್ಡ ಭಾಗವೇ ಬದಲಾಗುತ್ತದೆ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದೊಂದಕ್ಕೂ ಸಿಗುವುದು ಸುಮಾರು 33 ಮಿಲಿಸೆಕೆಂಡ್; 60 ಇದ್ದರೆ ಅದರ ಅರ್ಧ. ಅಷ್ಟರೊಳಗೆ ಬಿಚ್ಚಿ ಮುಗಿಯದ ಫ್ರೇಮು ತಡವಾಗಿ ಬರುತ್ತದೆ, ಇಲ್ಲವೇ ಬಿಟ್ಟುಹೋಗುತ್ತದೆ. ಪ್ಲೇಯರುಗಳು ಸಾಮಾನ್ಯವಾಗಿ ಧ್ವನಿಯನ್ನೇ ಗಡಿಯಾರವಾಗಿ ಇಟ್ಟುಕೊಳ್ಳುವುದರಿಂದ ಚೆಂಡೆ ಯಾರಿಗೂ ಕಾಯುವುದಿಲ್ಲ. (ಅಳಿಯ ವೇಷವೂ ಕುಣಿತವೂ ಇಲ್ಲದ ತಾಳಮದ್ದಳೆಯನ್ನು ಚಿತ್ರೀಕರಿಸಿದ್ದರೆ ಈ ಪ್ರಶ್ನೆಯೇ ನನಗೆ ಬರುತ್ತಿರಲಿಲ್ಲವೇನೋ!)

ನನ್ನ ಮಾತನ್ನು ಒಪ್ಪುವ ಮೊದಲು ನೀವೇ ಒಮ್ಮೆ ಪರೀಕ್ಷಿಸಿ. ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಆ ವೀಡಿಯೊ ಓಡುತ್ತಿರುವಾಗ ಟೂಲ್ಸ್ ಪಟ್ಟಿಯಲ್ಲಿರುವ ಕೊಡೆಕ್ ಇನ್ಫರ್ಮೇಶನ್ ತೆರೆದರೆ ಕೊಡೆಕ್‌ನ ಹೆಸರು ಕಾಣುತ್ತದೆ. ಪಕ್ಕದ ಸ್ಟ್ಯಾಟಿಸ್ಟಿಕ್ಸ್ ಪುಟದಲ್ಲಿ ಕಳೆದುಹೋದ ಫ್ರೇಮುಗಳ ಎಣಿಕೆ ದಿಗಿಣದ ಹೊತ್ತಿಗೆ ಸರಸರನೆ ಏರುವುದನ್ನು ನೋಡಬಹುದು. ಜೊತೆಗೆ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟವನ್ನೂ ತೆರೆದಿಡಿ. ಸಿಪಿಯು (ಪ್ರೊಸೆಸರ್) ಶೇಕಡಾ ನೂರರ ಹತ್ತಿರ ಹೋಗಿ, ಜಿಪಿಯು (ಗ್ರಾಫಿಕ್ಸ್ ಚಿಪ್) ವಿಭಾಗದ ವೀಡಿಯೊ ಡೀಕೋಡ್ ಗೆರೆ ನೆಲಕ್ಕಂಟಿಕೊಂಡಿದ್ದರೆ ನನ್ನ ಊಹೆ ಸರಿ. ಹಳೆಯ ಕ್ಯಾಮೆರಾದ ಕಡತಕ್ಕೆ ಇದು ತಿರುವುಮುರುವಾಗಿರಬೇಕು. ಅದಕ್ಕೂ ಗೆರೆ ಏಳದಿದ್ದರೆ ವಿಎಲ್‌ಸಿಯ ಪ್ರಿಫರೆನ್ಸಸ್‌ನ ಇನ್‌ಪುಟ್/ಕೊಡೆಕ್ಸ್ ಪುಟದಲ್ಲಿ ಹಾರ್ಡ್‌ವೇರ್ ಡೀಕೋಡಿಂಗನ್ನು ಆಟೋಮ್ಯಾಟಿಕ್ ಮಾಡಿ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರಿನ ಎದುರು ಇಂಟೆಲ್ ಎಂದು ಇರುವ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ಗ್ರಾಫಿಕ್ಸ್ ಡ್ರೈವರೇ ಕೂತಿಲ್ಲ ಎಂದರ್ಥ. ಒಂದು ಅಂಗಡಿಯಲ್ಲಿ ವಿಂಡೋಸ್ ಮರುಸ್ಥಾಪಿಸಿ ತಂದ ನನ್ನದೇ ಲ್ಯಾಪ್‌ಟಾಪಿನಲ್ಲಿ ಹೀಗಾಗಿತ್ತು. ಅದು ತಿಳಿಯದೆ ನಾನು ರ್‍ಯಾಮ್ ಕೊಂಡು ಹಾಕಿಸಿ, ಏನೂ ಬದಲಾಗದ್ದನ್ನು ಕಂಡು ಬೆಪ್ಪಾಗಿದ್ದೆ.

ರ್‍ಯಾಮ್ ವಿಷಯ ಇಷ್ಟೇ: ಬ್ರೌಸರಿನಲ್ಲಿ ಹತ್ತಾರು ಪುಟ ತೆರೆದಿಡುವವರಿಗೆ 4 ಜಿಬಿ ಸಾಲದು, ಆದರೆ ಒಂದು ವೀಡಿಯೊ ಓಡಿಸಲು ಧಾರಾಳವಾಗಿ ಸಾಕು. ರ್‍ಯಾಮ್ ಎಷ್ಟು ಸುರಿದರೂ ಚಿಪ್ಪಿನಲ್ಲಿ ಇಲ್ಲದ ಸರ್ಕ್ಯೂಟ್ ಹುಟ್ಟಿಕೊಳ್ಳುವುದಿಲ್ಲ. ಹಾರ್ಡ್ ಡಿಸ್ಕಿನ ವೇಗವೂ ಕಾರಣವಲ್ಲ; ಫೋನಿನ ಕಡತ ನಿಮಿಷಕ್ಕೆ 60 ಎಂಬಿ ಎಂದರೆ ಸೆಕೆಂಡಿಗೆ 1 ಎಂಬಿ ಮಾತ್ರ, ಅದನ್ನು ಎಂಥ ಹಳೆಯ ಡಿಸ್ಕೂ ಕೊಡಬಲ್ಲದು. ಇಲ್ಲಿಯ ಶಾಲೆಗಳಲ್ಲಿ ಕೈಟ್‌ನ (ಕೇರಳದ ಶಾಲಾ ತಂತ್ರಜ್ಞಾನ ಸಂಸ್ಥೆ) ಉಬುಂಟು ಎಂಬ ಲಿನಕ್ಸ್ ಬಳಸಿದ ನೀವು ಮನೆಯಲ್ಲೂ ಲಿನಕ್ಸಿಗೆ ಬದಲಾಯಿಸಿದರೆ ಹೇಗೆ ಎಂದು ಯೋಚಿಸಬಹುದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಬೇರೆ ಕಾರಣಕ್ಕೆ ಅದು ಒಳ್ಳೆಯ ಯೋಚನೆಯೇ. ಈ ತೊಂದರೆಗೆ ಮಾತ್ರ ಅದು ಮದ್ದಲ್ಲ. ಕಾಲು ಗಂಟೆ ಓಡಿದ ಮೇಲೆ ತಡವರಿಕೆ ಇನ್ನೂ ಹೆಚ್ಚುತ್ತದೆ ಎಂದಾದರೆ ಫ್ಯಾನಿನ ಧೂಳು ತೆಗೆಸಿ, ಏಕೆಂದರೆ ಬಿಸಿಯಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಸರಿಯಾದ ಪರಿಹಾರವೆಂದರೆ ಆ ಕಡತಗಳ ಎಚ್.264 ಪ್ರತಿಯೊಂದನ್ನು ಮಾಡಿಕೊಳ್ಳುವುದು. ಅದು ಫುಲ್ ಎಚ್‌ಡಿ ಆಗಿರಬೇಕೆಂದೇನೂ ಇಲ್ಲ. ಫುಲ್ ಎಚ್‌ಡಿ ಚಿತ್ರದಲ್ಲಿ 20,73,600 ಚುಕ್ಕಿಗಳಿವೆ. ನಿಮ್ಮ ಪರದೆಯಲ್ಲಿರುವುದು 10,49,088. ಅಂದರೆ ಕಷ್ಟಪಟ್ಟು ಬಿಚ್ಚಿದ ಚಿತ್ರದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಲ್ಯಾಪ್‌ಟಾಪ್ ತೋರಿಸಲಾಗದೆ ಕುಗ್ಗಿಸಿಬಿಡುತ್ತಿದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಫಾಸ್ಟ್ 720ಪಿ30 ಎಂಬ ಸಿದ್ಧ ಆಯ್ಕೆ ಇದೆ. ನಿಮ್ಮ ಪರದೆಗೆ ಅದು ಸಾಕು. ಅದರೊಂದಿಗೆ ವೀಡಿಯೊ ಪುಟದಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಲು ಮರೆಯಬೇಡಿ, ಏಕೆಂದರೆ ಫೋನುಗಳು ಫ್ರೇಮುಗಳ ನಡುವಿನ ಅಂತರವನ್ನು ಅಷ್ಟಿಷ್ಟು ಬದಲಿಸುತ್ತ ಹೋಗುವುದರಿಂದ ಕೆಲವು ಪ್ಲೇಯರುಗಳಲ್ಲಿ ಧ್ವನಿಯೂ ಚಿತ್ರವೂ ಮತ್ತೆ ದೂರವಾಗುವುದುಂಟು. ಇಡೀ ರಾತ್ರಿಯ ಆಟವನ್ನು ನಿಮ್ಮ ಐ3ಯಲ್ಲಿ ಪರಿವರ್ತಿಸುವ ಸಾಹಸ ಬೇಡ. ಆ ಕೆಲಸವನ್ನು ಅಳಿಯನ ಕಂಪ್ಯೂಟರಿಗೆ ಬಿಡಿ, ಮೊದಲು ದಿಗಿಣವಿರುವ ಐದು ನಿಮಿಷದ ತುಂಡೊಂದನ್ನು ಮಾತ್ರ ಮಾಡಿಸಿ ನೋಡಿ. ಮೂಲ ಕಡತಗಳನ್ನು ಯಾವ ಕಾರಣಕ್ಕೂ ಅಳಿಸಬಾರದು: ಮುಂದೆ ಮನೆಗೆ ದೊಡ್ಡ ಟಿವಿ ಬಂದರೆ ಮುಖವರ್ಣಿಕೆಯ ಚುಟ್ಟಿಯ (ಅಕ್ಕಿಹಿಟ್ಟಿನ ಬಿಳಿ ಚುಕ್ಕಿ) ಸಾಲುಗಳು ಬಿಡಿಬಿಡಿಯಾಗಿ ಕಾಣುವುದು ಅವುಗಳಲ್ಲಿಯೇ.

ಯೂಟ್ಯೂಬಿನ ಆಟಗಳೂ ಹೀಗೆಯೇ ತಡವರಿಸಿದರೆ ಕಾರಣ ಇದರದ್ದೇ ತಮ್ಮ. ಅಲ್ಲಿ ವಿಪಿ9 ಅಥವಾ ಎವಿ1 ಕೊಡೆಕ್ ಬರುತ್ತಿರಬಹುದು. ಎಚ್264ಇಫೈ ಎಂಬ ಬ್ರೌಸರ್ ವಿಸ್ತರಣೆಯನ್ನು ಹಾಕಿಕೊಂಡರೆ ಎಚ್.264 ಪ್ರತಿಯನ್ನೇ ಕೇಳಿ ತರಿಸುತ್ತದೆ.

ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು, ದೀಪಾವಳಿಯ ಹೊತ್ತಿಗೆ ಮೇಳಗಳು ಮತ್ತೆ ಹೊರಡುವ ಮೊದಲು ಅಳಿಯನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್ ತೆರೆಸಿ ಮೋಸ್ಟ್ ಕಂಪ್ಯಾಟಿಬಲ್ ಆಯ್ಕೆ ಮಾಡಿಸಿ. ಎಚ್‌ಡಿಆರ್ (10 ಬಿಟ್‌ನ) ವೀಡಿಯೊವನ್ನೂ ಆಫ್ ಮಾಡಿಸಿ. ಆಗ ನಿಮಿಷಕ್ಕೆ 60 ಎಂಬಿಯ ಬದಲು ಸುಮಾರು 130 ಎಂಬಿ ಬೇಕಾಗುತ್ತದೆ. ಏಳು ಗಂಟೆಯ ಆಟಕ್ಕೆ ಹತ್ತಿರ ಹತ್ತಿರ 55 ಜಿಬಿ ಜಾಗವನ್ನು ಆಟಕ್ಕೆ ಮುನ್ನ ನಡೆಯುವ ಚೌಕಿಪೂಜೆಗೆ ಮೊದಲೇ ಖಾಲಿ ಮಾಡಿಟ್ಟುಕೊಳ್ಳಲು ಹೇಳಿ.